ಹದಿನೈದು ಕಾಯಂ ಕುರ್ಚಿ

(ಬೆಂಗಳೂರಿನಲ್ಲಿ ಫುಟ್‌ಬಾಲ್ ಪ್ರಿಯರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರ ಜರ್ಸಿ ನೋಡಿದರೆ ಲಿವರ್‌ಪೂಲ್ ಇದೆ, ಆರ್ಸೆನಲ್ ಇದೆ, ಹಿಂದಿನ ಸಾಲಿನಲ್ಲಿ ಬೆಂಗಳೂರು ಎಫ್‌ಸಿಯ ನೀಲಿಯೂ ಇದೆ. ರಾತ್ರಿ ಹನ್ನೆರಡೂವರೆಯ ಮ್ಯಾಚ್‌ಗೆ ಅಲಾರಂ ಇಟ್ಟು ಎದ್ದು, ಬೆಳಗ್ಗೆ ಕೆಂಪು ಕಣ್ಣಲ್ಲೇ ಆಫೀಸಿಗೆ ಹೋಗುವವರೇ ಜಾಸ್ತಿ ಅಂತ ಕಾಣುತ್ತದೆ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

2021ರ ಏಪ್ರಿಲ್ 18, ಭಾನುವಾರ. ಇಂಗ್ಲೆಂಡಿನಲ್ಲಿ ರಾತ್ರಿ ಹನ್ನೊಂದು ದಾಟಿತ್ತು, ನಮಗೆ ಸೋಮವಾರ ಬೆಳಗಿನ ಜಾವ. 12 ಕ್ಲಬ್‌ಗಳು ಸೇರಿ ಒಂದು ಹೇಳಿಕೆ ಹೊರಡಿಸಿದವು. ಇಂಗ್ಲೆಂಡಿನಿಂದ ಮ್ಯಾಂಚೆಸ್ಟರ್ ಯುನೈಟೆಡ್, ಮ್ಯಾಂಚೆಸ್ಟರ್ ಸಿಟಿ, ಲಿವರ್‌ಪೂಲ್, ಆರ್ಸೆನಲ್, ಚೆಲ್ಸಿ, ಟಾಟನ್‌ಹ್ಯಾಮ್. ಸ್ಪೇನಿನಿಂದ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಟ್ಲೆಟಿಕೊ. ಇಟಲಿಯಿಂದ ಯುವೆಂಟಸ್ ಮತ್ತು ಮಿಲಾನಿನ ಎರಡೂ ತಂಡಗಳು. ನಾವು ಯುರೋಪಿಯನ್ ಸೂಪರ್ ಲೀಗ್ ಅಂತ ನಮ್ಮದೇ ಲೀಗ್ ಶುರುಮಾಡುತ್ತಿದ್ದೇವೆ ಅಂದವು. ರಿಯಲ್ ಮ್ಯಾಡ್ರಿಡ್‌ನ ಫ್ಲೊರೆಂಟಿನೊ ಪೆರೆಜ್ ಅದಕ್ಕೆ ಅಧ್ಯಕ್ಷರು. ದುಡ್ಡು ಹೊಂದಿಸುವುದು ಜೆಪಿ ಮಾರ್ಗನ್ ಬ್ಯಾಂಕ್. ಸ್ಥಾಪಕ ಕ್ಲಬ್‌ಗಳಿಗೆ ಆರಂಭದಲ್ಲೇ 350 ಕೋಟಿ ಯೂರೋ.

ಯೋಜನೆ ಹೀಗಿತ್ತು. ಒಟ್ಟು 20 ತಂಡ. ಅದರಲ್ಲಿ 15 ತಂಡಗಳಿಗೆ ಕಾಯಂ ಜಾಗ. ಉಳಿದ 5 ಜಾಗಕ್ಕೆ ಯುರೋಪಿನ ಬಾಕಿ ಕ್ಲಬ್‌ಗಳೆಲ್ಲ ಪೈಪೋಟಿ ಮಾಡಬೇಕು. ವಾರದ ಮಧ್ಯೆ ಇಲ್ಲಿ ಆಡುತ್ತೇವೆ, ವಾರಾಂತ್ಯದಲ್ಲಿ ನಮ್ಮ ನಮ್ಮ ದೇಶದ ಲೀಗಿನಲ್ಲೂ ಆಡುತ್ತೇವೆ ಅಂತ ಹೇಳಿದ್ದರು. ಹದಿನೈದು ಕಾಯಂ ಕುರ್ಚಿಯಲ್ಲಿ ಮೂರು ಖಾಲಿ ಇದ್ದವು. ಬಯರ್ನ್ ಮ್ಯೂನಿಕ್, ಬೊರುಸಿಯಾ ಡಾರ್ಟ್‌ಮುಂಡ್, ಪ್ಯಾರಿಸ್‌ನ ಪಿಎಸ್‌ಜಿ ಮೂರೂ ಬರುವುದಿಲ್ಲ ಅಂದವು.

ಆ ಕಾಯಂ ಅನ್ನುವ ಮಾತಿನ ಭಾರ ತಿಳಿಯಬೇಕಾದರೆ ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗಿನ ಅವತ್ತಿನ ಪಟ್ಟಿ ತೆರೆದು ನೋಡಿ. ಮೂರನೇ ಸ್ಥಾನದಲ್ಲಿ ಲೆಸ್ಟರ್ ಸಿಟಿ. ನಾಲ್ಕನೇ ಸ್ಥಾನದಲ್ಲಿ ವೆಸ್ಟ್ ಹ್ಯಾಮ್. ಅವೆರಡಕ್ಕೂ ಕರೆ ಇಲ್ಲ. ಆರ್ಸೆನಲ್ ಒಂಬತ್ತನೇ ಸ್ಥಾನದಲ್ಲಿತ್ತು, ಅದಕ್ಕೆ ಕುರ್ಚಿ ಇತ್ತು. ಟಾಟನ್‌ಹ್ಯಾಮ್ ಇಂಗ್ಲಿಷ್ ಲೀಗ್ ಗೆದ್ದದ್ದು ಕೊನೆಯದಾಗಿ 1961ರಲ್ಲಿ, ಅದಕ್ಕೂ ಇತ್ತು. ಇನ್ನೂ ಪರೀಕ್ಷೆಯೇ ಬರೆಯದ ಹದಿನೈದು ಮಕ್ಕಳಿಗೆ ಮುಂದಿನ ಎಲ್ಲ ವರ್ಷಗಳಿಗೂ ಸೇರಿಸಿ ಈಗಲೇ ಫಸ್ಟ್ ಕ್ಲಾಸ್ ಬರೆದುಕೊಟ್ಟ ಹಾಗೆ, ಅಲ್ವಾ?

ಇದರ ಮುಂದೆ ಲೆಸ್ಟರ್ ಕಥೆ ಇಟ್ಟು ನೋಡಬೇಕು. 2009ರ ವಸಂತದವರೆಗೂ ಅದು ಇಂಗ್ಲೆಂಡಿನ ಮೂರನೇ ಡಿವಿಷನ್‌ನಲ್ಲಿ ಆಡುತ್ತಿತ್ತು. 2014ರಲ್ಲಿ ಪ್ರೀಮಿಯರ್ ಲೀಗಿಗೆ ಬಂತು. ಮೊದಲ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿತ್ತು, ಹೇಗೋ ಬಚಾವಾಯಿತು. ಮರು ವರ್ಷ, 2016ರಲ್ಲಿ, ಚಾಂಪಿಯನ್. ಬಾಜಿ ಕಟ್ಟಿಸಿಕೊಳ್ಳುವ ಅಂಗಡಿಗಳು ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂದಿದ್ದವು. ತಮ್ಮ ದೇಶದ ಲೀಗಿನಲ್ಲಿ ಮೇಲಿನ ಸ್ಥಾನ ಗಳಿಸಿದ ಕ್ಲಬ್‌ಗಳು ಆಡುವ ಯುರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್. 2017ರಲ್ಲಿ ಅದೇ ತಂಡ ಅದರ ಕ್ವಾರ್ಟರ್ ಫೈನಲ್ ಆಡಿತು. 2023ರಲ್ಲಿ ಮತ್ತೆ ಕೆಳಗಿನ ಡಿವಿಷನ್‌ಗೆ ಬಿತ್ತು. ಚಾಂಪಿಯನ್ ಆಗಿ ಏಳೇ ವರ್ಷಕ್ಕೆ ಬಿತ್ತು. ನೋಡೋಕೆ ಸಂಕಟ ಆಗುತ್ತದೆ. ಆದರೆ ಏರುವುದಕ್ಕೂ ಬೀಳುವುದಕ್ಕೂ ಏಣಿ ಒಂದೇ. ಬೀಳುವ ಮೆಟ್ಟಿಲನ್ನು ಕಿತ್ತರೆ ಏರುವ ಮೆಟ್ಟಿಲೂ ಜೊತೆಗೇ ಹೋಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಯೋಜನೆ ಬಂದಾಗ ಲೆಸ್ಟರ್, ವೆಸ್ಟ್ ಹ್ಯಾಮ್ ಅಭಿಮಾನಿಗಳು ಸಿಟ್ಟಾದರು. ಅದು ಸಹಜ, ಅವರಿಗೆ ನಷ್ಟ ಆಗುವುದಿತ್ತು. ನನ್ನನ್ನು ಇವತ್ತಿಗೂ ಕಾಡುವುದು ಬೇರೆ. ಲಾಭ ಆಗಬೇಕಿದ್ದ ಆರು ಕ್ಲಬ್‌ಗಳ ಅಭಿಮಾನಿಗಳೇ ಎಲ್ಲರಿಗಿಂತ ಮೊದಲು ಬೀದಿಗೆ ಬಂದರು. ತಮ್ಮ ತಂಡಕ್ಕೆ ಜೀವಮಾನವಿಡೀ ರಿಯಲ್ ಮ್ಯಾಡ್ರಿಡ್ ಜೊತೆ, ಬಾರ್ಸಿಲೋನಾ ಜೊತೆ ಆಟ ಖಾತ್ರಿ. ಅದನ್ನು ಅವರು ಬೇಡ ಅಂದರು. ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ ಗೋಲಿನ ಹಿಂದಿನ ಕಾಪ್ ಸ್ಟ್ಯಾಂಡಿನ ಬಾವುಟಗಳನ್ನು ನೋಡಿಕೊಳ್ಳುವುದು ಅಭಿಮಾನಿಗಳದೇ ಒಂದು ಗುಂಪು. ಕೋವಿಡ್‌ನಿಂದ ಸ್ಟ್ಯಾಂಡ್ ಖಾಲಿ ಇದ್ದಾಗಲೂ ಆ ಬಾವುಟಗಳು ಅಲ್ಲೇ ಇದ್ದವು. ಜನ ಇಲ್ಲದಿದ್ದರೂ ತಂಡಕ್ಕೆ ಒಂದು ಆಸರೆ ಇರಲಿ ಅಂತ. ಈಗ ಅದನ್ನೆಲ್ಲ ಇಳಿಸಿಕೊಂಡು ಹೋಗುತ್ತೇವೆ ಅಂತ ಅವರು ಹೇಳಿದರು. ತಮ್ಮದೇ ಕ್ಲಬ್‌ಗೆ, ತಾವೇ ಹೊಲಿಸಿದ ಬಾವುಟ ಕೊಡುವುದಿಲ್ಲ ಅಂದರು.

ಸೋಮವಾರ ಸಂಜೆ ಲಿವರ್‌ಪೂಲ್‌ಗೆ ಲೀಡ್ಸ್ ಊರಿನಲ್ಲಿ ಮ್ಯಾಚ್ ಇತ್ತು. ಲೀಡ್ಸ್ ಆಟಗಾರರು ವಾರ್ಮ್‌ಅಪ್‌ಗೆ ಟೀ ಶರ್ಟ್ ಹಾಕಿಕೊಂಡು ಬಂದರು. ಎದೆಯ ಮೇಲೆ ಚಾಂಪಿಯನ್ಸ್ ಲೀಗಿನ ಗುರುತು, ಅದರ ಜೊತೆ 'ಗೆದ್ದು ಪಡೆಯಿರಿ' ಎಂಬರ್ಥದ ಎರಡೇ ಪದ. ಬೆನ್ನ ಮೇಲೆ, ಫುಟ್‌ಬಾಲ್ ಇರುವುದು ಅಭಿಮಾನಿಗಳಿಗಾಗಿ ಅಂತ. ಆಟ 1-1ರಲ್ಲಿ ಮುಗಿಯಿತು. ಮುಗಿದ ಮೇಲೆ ಲಿವರ್‌ಪೂಲ್‌ನ ಹಿರಿಯ ಆಟಗಾರ ಜೇಮ್ಸ್ ಮಿಲ್ನರ್ ಕ್ಯಾಮೆರಾ ಮುಂದೆ ನಿಂತು, ನನಗೆ ಇದು ಇಷ್ಟ ಇಲ್ಲ, ಇದು ಆಗದಿರಲಿ ಅಂದರು. ತನಗೆ ಸಂಬಳ ಕೊಡುವ ಮಾಲೀಕರ ಯೋಜನೆಯ ಬಗ್ಗೆ, ಮಾಲೀಕರು ಬಾಯಿ ಬಿಡುವ ಮೊದಲೇ ಹಾಗೆ ಹೇಳುವುದು ಸಣ್ಣ ಮಾತಲ್ಲ.

ಮರುದಿನ ಮಂಗಳವಾರ, ಲಂಡನ್ನಿನ ಸ್ಟ್ಯಾಮ್‌ಫೋರ್ಡ್ ಬ್ರಿಡ್ಜ್. ಚೆಲ್ಸಿಗೆ ಬ್ರೈಟನ್ ಜೊತೆ ಮ್ಯಾಚ್. ಒಳಗೆ ಪ್ರೇಕ್ಷಕರಿಗೆ ಪ್ರವೇಶ ಇಲ್ಲ, ಕೋವಿಡ್ ಕಾಲ. ಒಂದು ವರ್ಷಕ್ಕೂ ಜಾಸ್ತಿ ಕಾಲ ಅವರು ತಮ್ಮ ಮೈದಾನದೊಳಗೆ ಕಾಲಿಟ್ಟಿದ್ದೇ ಅಪರೂಪ. ಸುಮಾರು ಸಾವಿರ ಜನ ಹೊರಗಿನ ರಸ್ತೆಯಲ್ಲಿ ಸೇರಿದರು. ಕ್ಲಬ್‌ನ ಬಸ್ ಬಂತು, ದಾರಿ ಬಿಡಲಿಲ್ಲ. ಆಗ ಪೆತ್ರ್ ಚೆಕ್ ಹೊರಗೆ ಬಂದರು. ಚೆಲ್ಸಿ 2012ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಗೋಲ್‌ಕೀಪರ್ ಆಗಿದ್ದವರು, ಆ ಫೈನಲ್‌ನಲ್ಲಿ ಪೆನಾಲ್ಟಿಗಳನ್ನು ತಡೆದವರು. ಈಗ ಅದೇ ಕ್ಲಬ್‌ನಲ್ಲಿ ಹುದ್ದೆಯಲ್ಲಿದ್ದರು. ಜನರ ನಡುವೆ ನಿಂತು ಕೈ ಎತ್ತಿ, ಸ್ವಲ್ಪ ಸಮಯ ಕೊಡಿ, ಸರಿ ಮಾಡೋಣ, ಬಸ್ ಬಿಡಿ ಅಂತ ಅಂಗಲಾಚಿದರು. ಆ ಜನಕ್ಕೆ ಅವರ ಮೇಲೆ ಪ್ರೀತಿ ಇತ್ತು, ಆದರೂ ಜಾಗ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ, ಚೆಲ್ಸಿ ಈ ಯೋಜನೆಯಿಂದ ಹಿಂದೆ ಸರಿಯಲು ಕಾಗದಪತ್ರ ತಯಾರಿ ಮಾಡುತ್ತಿದೆ ಅನ್ನುವ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ರಸ್ತೆಯಲ್ಲೇ ಕುಣಿದರು. ಮ್ಯಾಚ್ ಹದಿನೈದು ನಿಮಿಷ ತಡವಾಗಿ ಶುರುವಾಯಿತು, ಗೋಲಿಲ್ಲದೆ ಮುಗಿಯಿತು. ಅಷ್ಟೊತ್ತಿಗೆ ಆ ಗೋಲು ಯಾರಿಗೂ ಬೇಕಿರಲಿಲ್ಲ.

ಅದೇ ರಾತ್ರಿ ಮ್ಯಾಂಚೆಸ್ಟರ್ ಸಿಟಿ ಎಲ್ಲರಿಗಿಂತ ಮೊದಲು ಹೊರಬಂತು. ಬಾಕಿ ಇಂಗ್ಲಿಷ್ ಕ್ಲಬ್‌ಗಳೂ ಸಾಲಾಗಿ ಹೊರಬಂದವು. ಘೋಷಣೆಯಾಗಿ ಸರಿಯಾಗಿ ಎರಡು ದಿನವೂ ಆಗಿರಲಿಲ್ಲ. ಲಿವರ್‌ಪೂಲ್ ಮಾಲೀಕ ಜಾನ್ ಹೆನ್ರಿ ಮರುದಿನ ವಿಡಿಯೊದಲ್ಲಿ ಕ್ಷಮೆ ಕೇಳಿದರು. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳಿಗೆ ಅಷ್ಟು ಸಾಕಾಗಲಿಲ್ಲ. ಮೇ 2ರಂದು ಅವರು ಓಲ್ಡ್ ಟ್ರ್ಯಾಫರ್ಡ್ ಮೈದಾನದೊಳಕ್ಕೇ ನುಗ್ಗಿದರು, ಲಿವರ್‌ಪೂಲ್ ಜೊತೆಗಿನ ಮ್ಯಾಚ್ ಮುಂದಕ್ಕೆ ಹೋಯಿತು. ಕೊರಳಲ್ಲಿ ಹಸಿರು-ಹಳದಿ ಶಾಲು. ಕ್ಲಬ್ ಶುರುವಾದಾಗ, ನ್ಯೂಟನ್ ಹೀತ್ ಅನ್ನುವ ಹೆಸರಿದ್ದಾಗ, ಇದ್ದ ಬಣ್ಣ ಅದು. ಗ್ಲೇಝರ್ ಮನೆತನ 2005ರಲ್ಲಿ ಕ್ಲಬ್ ಕೊಂಡಿತು. ಅವರ ಮೇಲಿನ ಸಿಟ್ಟು ತೋರಿಸೋಕೆ ಅಭಿಮಾನಿಗಳು ಆ ಹಳೇ ಬಣ್ಣ ಹೊದ್ದುಕೊಳ್ಳುತ್ತಾರೆ. ಮೈದಾನಕ್ಕೆ ನುಗ್ಗಿದ್ದನ್ನು, ಅಲ್ಲಿ ಕೆಲವರಿಗೆ ಪೆಟ್ಟಾದದ್ದನ್ನು ನಾನು ಸರಿ ಅನ್ನುವುದಿಲ್ಲ. ಆ ಸಿಟ್ಟು ಎಲ್ಲಿಂದ ಬಂತು ಅನ್ನುವುದು ಮಾತ್ರ ನನಗೆ ಅರ್ಥವಾಗುತ್ತದೆ.

ಲಾಭ ಆಗುವವರಿಗೆ ಯಾಕೆ ಇಷ್ಟು ಭಯ? ನನಗೆ ತೋಚುವುದು ಇದು. ಕ್ಲಬ್ ಕೈ ಬದಲಾಯಿಸಿದರೆ ಮಾಲೀಕನಿಗೆ ದುಡ್ಡು ಬರುತ್ತದೆ. ಆಟಗಾರ ಬೇರೆ ತಂಡಕ್ಕೆ ಹೋಗುತ್ತಾನೆ. ಕೋಚ್‌ನನ್ನು ಕಳಿಸಿದರೆ ಪರಿಹಾರ ಕೊಟ್ಟು ಕಳಿಸುತ್ತಾರೆ. ಅಭಿಮಾನಿಗೆ ಮಾತ್ರ ಹೋಗೋಕೆ ಬೇರೆ ಜಾಗ ಇಲ್ಲ. ಅಜ್ಜ ಕೂತ ಸೀಟಲ್ಲಿ ಅಪ್ಪ ಕೂತು, ಅಪ್ಪನ ಸೀಟಲ್ಲಿ ಮಗಳು ಕೂತಿರುತ್ತಾಳೆ. ಅವರಿಗೆ ಸಿಗುವುದು ಗೆದ್ದ ದಿನದ ಖುಷಿ ಒಂದೇ. ಸೋತರೂ ಏನೂ ಆಗದ ಕಡೆ ಗೆದ್ದ ಖುಷಿ ಎಲ್ಲಿಂದ ಬರಬೇಕು? ಏಪ್ರಿಲ್ ತಿಂಗಳಲ್ಲಿ ಒಂದು ಡ್ರಾಗೋಸ್ಕರ ಉಗುರು ಕಚ್ಚುತ್ತಾ ಕೂರುತ್ತೇವಲ್ಲ, ಚಾಂಪಿಯನ್ಸ್ ಲೀಗಿಗೆ ಬೇಕಾದ ನಾಲ್ಕನೇ ಸ್ಥಾನ ಸಿಗುತ್ತೋ ಇಲ್ಲವೋ ಅಂತ, ಆ ಚಡಪಡಿಕೆಯನ್ನೇ ಈ ಯೋಜನೆ ತೆಗೆದುಹಾಕುತ್ತಿತ್ತು. ಮಾಲೀಕರಿಗೆ ಅದು ಅಪಾಯ, ಲೆಕ್ಕಪುಸ್ತಕದಲ್ಲಿ ಕಡಿಮೆ ಮಾಡಬೇಕಾದ ಬಾಬತ್ತು. ಅಭಿಮಾನಿಗೆ ಅದೇ ಆಟ.

ಯುವೆಂಟಸ್‌ನ ಆಗಿನ ಅಧ್ಯಕ್ಷ ಆಂಡ್ರಿಯಾ ಅನ್ಯೆಲ್ಲಿ 2020ರ ಮಾರ್ಚ್‌ನಲ್ಲೇ ಇದನ್ನು ಹೆಚ್ಚುಕಮ್ಮಿ ಬಾಯಿಬಿಟ್ಟು ಹೇಳಿದ್ದರು. ಅಟಲಾಂಟ ಅನ್ನುವ ಕ್ಲಬ್‌ಗೆ ಅಂತರರಾಷ್ಟ್ರೀಯ ಚರಿತ್ರೆ ಇಲ್ಲ, ಒಂದು ಒಳ್ಳೆಯ ಸೀಸನ್ ಆಡಿ ನೇರವಾಗಿ ಚಾಂಪಿಯನ್ಸ್ ಲೀಗಿಗೆ ಬಂದರೆ ಅದು ಸರಿಯಾ ಅಂತ ಕೇಳಿದ್ದರು. ಅಟಲಾಂಟ ಬೆರ್ಗಮೊ ಊರಿನ ತಂಡ. ಆ ಊರು ಅದೇ ತಿಂಗಳು ಕೋವಿಡ್‌ಗೆ ಸಿಕ್ಕಿ ನಲುಗಿತು. ಆ ವರ್ಷ ಅಟಲಾಂಟ ಕ್ವಾರ್ಟರ್ ಫೈನಲ್‌ವರೆಗೂ ಹೋಯಿತು. 2024ರಲ್ಲಿ ಯುರೋಪಿನ ಎರಡನೇ ದೊಡ್ಡ ಟೂರ್ನಿಯಾದ ಯುರೋಪಾ ಲೀಗ್ ಕಪ್ಪನ್ನೇ ಎತ್ತಿತು. ಚರಿತ್ರೆ ಇಲ್ಲದವರಿಗೆ ಅದನ್ನು ಮಾಡಿಕೊಳ್ಳೋಕೆ ಜಾಗ ಬೇಕಲ್ವಾ?

ಸಭೆಯಲ್ಲಿ ಒಬ್ಬರು ಈಗಾಗಲೇ ತಲೆ ಅಲ್ಲಾಡಿಸುತ್ತಿದ್ದಾರೆ. ಅವರ ಮನಸ್ಸಿನಲ್ಲಿರುವ ಪ್ರಶ್ನೆ ನನಗೂ ಇದೆ. ಪ್ರೀಮಿಯರ್ ಲೀಗ್ ತಾನೇ ಒಡೆದು ಬಂದದ್ದಲ್ವಾ? ಹೌದು. 1992ರಲ್ಲಿ 22 ಕ್ಲಬ್‌ಗಳು ಹಳೆಯ ಫುಟ್‌ಬಾಲ್ ಲೀಗ್ ಬಿಟ್ಟು ಹೊರಬಂದು ಇದನ್ನು ಕಟ್ಟಿದವು. ಟಿವಿ ದುಡ್ಡು ತಮ್ಮಲ್ಲೇ ಉಳಿಯಲಿ ಅನ್ನುವುದೇ ದೊಡ್ಡ ಕಾರಣ. ಅದರಿಂದ ಕೆಳಗಿನ ಡಿವಿಷನ್‌ಗಳು ಬಡವಾದವು. 125 ವರ್ಷ ಲೀಗ್‌ನಲ್ಲಿದ್ದ ಬರಿ ಅನ್ನುವ ಕ್ಲಬ್ ಸಾಲದಲ್ಲಿ ಮುಳುಗಿ 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಹೊರಬಿತ್ತು. ಅಲ್ಲಿ ಮಾಲೀಕರ ತಪ್ಪು ಇತ್ತು, ಆದರೆ ಮೇಲಕ್ಕೂ ಕೆಳಕ್ಕೂ ನಡುವಿನ ದುಡ್ಡಿನ ಕಂದಕವೂ ಇತ್ತು. ಹಾಗಾಗಿ 1992 ಶುದ್ಧ, 2021 ಕೆಟ್ಟದ್ದು ಅಂತ ನಾನು ಹೇಳಲಾರೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. 1992ರಲ್ಲಿ ಬಾಗಿಲು ಮುಚ್ಚಲಿಲ್ಲ. ಪ್ರತಿ ವರ್ಷ ಮೂರು ತಂಡ ಕೆಳಗಿಳಿಯುತ್ತವೆ, ಮೂರು ಮೇಲೆ ಬರುತ್ತವೆ. ಲೆಸ್ಟರ್ ಬಂದದ್ದು ಆ ಬಾಗಿಲಿನಿಂದಲೇ.

ಇನ್ನೊಂದು ತೊಡಕು ಇದೆ. ಮಾಲೀಕರು ಅಮೆರಿಕದವರು, ಕೊಲ್ಲಿ ದೇಶದವರು, ಅದಕ್ಕೇ ಹೀಗಾಯಿತು ಅಂತ ತುಂಬ ಜನ ಹೇಳುತ್ತಾರೆ. ಅಷ್ಟು ಸರಳ ಇಲ್ಲ. ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಎರಡಕ್ಕೂ ಮಾಲೀಕರೇ ಇಲ್ಲ, ಸದಸ್ಯರೇ ಒಡೆಯರು, ಅಧ್ಯಕ್ಷರನ್ನು ಆರಿಸುವವರೂ ಅವರೇ. ಆದರೂ ಈ ಲೀಗನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ಈ ಇಬ್ಬರೇ. ಬಾರ್ಸಿಲೋನಾಕ್ಕೆ ಆಗ ನೂರು ಕೋಟಿ ಯೂರೋಗೂ ಜಾಸ್ತಿ ಸಾಲ ಇತ್ತು. ಸಾಲ ಕುತ್ತಿಗೆಗೆ ಬಂದಾಗ ಸದಸ್ಯರ ಕ್ಲಬ್ಬೂ ಇಂಥ ಕಾಗದಕ್ಕೆ ಸಹಿ ಹಾಕುತ್ತದೆ. ಜರ್ಮನಿಯಲ್ಲಿ ಮಾತ್ರ ತಡೆಗೋಡೆ ಗಟ್ಟಿ ಇತ್ತು. ಅಲ್ಲಿನ 50+1 ನಿಯಮದ ಪ್ರಕಾರ ಕ್ಲಬ್‌ನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕು, ಒಂದೆರಡು ವಿನಾಯಿತಿ ಬಿಟ್ಟರೆ. ಬಯರ್ನ್ ಮತ್ತು ಡಾರ್ಟ್‌ಮುಂಡ್ ದೂರ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಚಾಂಪಿಯನ್ಸ್ ಲೀಗ್ ನಡೆಸುವ, ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಕೂಡ ಹಾಲಿನಲ್ಲಿ ತೊಳೆದದ್ದೇನಲ್ಲ. ಸೂಪರ್ ಲೀಗ್ ಘೋಷಣೆಯಾದ ಮರುದಿನವೇ ಅದು ಚಾಂಪಿಯನ್ಸ್ ಲೀಗಿನ ಹೊಸ ರೂಪಕ್ಕೆ ಒಪ್ಪಿಗೆ ಕೊಟ್ಟಿತು. 32 ತಂಡ ಇದ್ದದ್ದು 2024ರಿಂದ 36 ಆಯಿತು. ಮ್ಯಾಚ್‌ಗಳು ಜಾಸ್ತಿಯಾದವು, ಆಟಗಾರರ ಮೈಮೇಲಿನ ಹೊರೆ ಜಾಸ್ತಿಯಾಯಿತು. ಹಳೆಯ ಸಾಧನೆ ನೋಡಿ ಎರಡು ಜಾಗ ಕೊಡಬೇಕು ಅಂತಲೂ ಆ ಕರಡಿನಲ್ಲಿತ್ತು. ಅಂದರೆ ಅದೇ ಕಾಯಂ ಕುರ್ಚಿಯ ಸಣ್ಣ ರೂಪ. ಅಭಿಮಾನಿ ಸಂಘಟನೆಗಳು ಅದನ್ನೂ ವಿರೋಧಿಸಿದವು, 2022ರಲ್ಲಿ ಅದನ್ನು ಕೈಬಿಟ್ಟರು. ಆ ಸುದ್ದಿಗೆ ಇಲ್ಲಿ ಯಾರೂ ಜಾಸ್ತಿ ಗಮನ ಕೊಡಲಿಲ್ಲ. ಬಸ್ ತಡೆದಷ್ಟೇ ದೊಡ್ಡ ಗೆಲುವು ಅದು ಅಂತ ನಾನು ಹೇಳುತ್ತೇನೆ.

ಹಾಗಾದರೆ ಭಯ ಮುಗಿಯಿತಾ? ಇಲ್ಲ. 2021ರ ಜೂನ್‌ನಲ್ಲಿ ಆರು ಇಂಗ್ಲಿಷ್ ಕ್ಲಬ್‌ಗಳು ಈ ತಪ್ಪಿಗಾಗಿ ಒಟ್ಟು 2.2 ಕೋಟಿ ಪೌಂಡ್ ಕೊಡೋಕೆ ಒಪ್ಪಿದವು. ಅವರ ಆದಾಯಕ್ಕೆ ಅದು ಲೆಕ್ಕಕ್ಕೇ ಇಲ್ಲ. ಇನ್ನೊಮ್ಮೆ ಹೀಗೆ ಮಾಡಿದರೆ ತಲಾ 2.5 ಕೋಟಿ ಪೌಂಡ್ ದಂಡ, 30 ಪಾಯಿಂಟ್ ಕಡಿತ ಅಂತ ಬರೆದುಕೊಂಡರು. 30 ಪಾಯಿಂಟ್ ಅನ್ನುವುದೇ ಇಲ್ಲಿ ನಿಜವಾದ ಬೇಲಿ. 2023ರ ಡಿಸೆಂಬರ್ 21ರಂದು ಯುರೋಪಿಯನ್ ಒಕ್ಕೂಟದ ಉನ್ನತ ನ್ಯಾಯಾಲಯ ಬೇರೆಯೇ ತೀರ್ಪು ಕೊಟ್ಟಿತು. ಹೊಸ ಟೂರ್ನಿಗೆ ಮೊದಲು ನಮ್ಮ ಅನುಮತಿ ಬೇಕು ಅನ್ನುವ ಫಿಫಾ, ಯುಇಎಫ್‌ಎ ನಿಯಮಗಳು ಆಗ ಇದ್ದ ರೂಪದಲ್ಲಿ ಕಾನೂನಿಗೆ ವಿರುದ್ಧ ಅಂದಿತು. ಸೂಪರ್ ಲೀಗ್‌ಗೆ ಒಪ್ಪಿಗೆ ಕೊಡಲೇಬೇಕು ಅಂತ ಅದು ಹೇಳಲಿಲ್ಲ. ಆದರೂ ತೀರ್ಪು ಬಂದ ದಿನವೇ ಯೋಜನೆಯವರು 64 ತಂಡಗಳ ಹೊಸ ನಕ್ಷೆ ಹಿಡಿದು ಬಂದರು, ಈ ಸಲ ಏರಿಳಿತ ಇಟ್ಟಿದ್ದೇವೆ ಅಂದರು. ಅಭಿಮಾನಿಗಳ ಮಾತು ಅಷ್ಟರ ಮಟ್ಟಿಗೆ ಅವರ ಕಿವಿಗೆ ಬಿದ್ದಿತ್ತು.

ಬ್ರಿಟನ್ ತನ್ನದೇ ದಾರಿ ಹಿಡಿಯಿತು. ಆಗಿನ ಸಂಸದೆ ಟ್ರೇಸಿ ಕ್ರೌಚ್ ಅಭಿಮಾನಿಗಳನ್ನೂ ಕೂರಿಸಿಕೊಂಡು ವರದಿ ತಯಾರಿಸಿದರು, ಅದು 2021ರ ನವೆಂಬರ್‌ನಲ್ಲಿ ಬಂತು. ನಾಲ್ಕು ವರ್ಷ ಎಳೆದಾಡಿ 2025ರ ಜುಲೈನಲ್ಲಿ ಕಾನೂನಾಯಿತು. ಈಗ ಇಂಗ್ಲಿಷ್ ಪುರುಷರ ಫುಟ್‌ಬಾಲಿನ ಮೇಲಿನ ಐದು ಹಂತಗಳಿಗೆ ಒಂದು ಸ್ವತಂತ್ರ ನಿಯಂತ್ರಣ ಸಂಸ್ಥೆ ಇದೆ. ಆ ಸಂಸ್ಥೆ ನಿಷೇಧ ಹಾಕಿದ ಒಡಕು ಲೀಗಿಗೆ ಕ್ಲಬ್‌ಗಳು ಸೇರುವಂತಿಲ್ಲ. ಕ್ಲಬ್‌ನ ಲಾಂಛನ, ಜರ್ಸಿಯ ಬಣ್ಣ ಬದಲಾಯಿಸಬೇಕಾದರೆ ಅಭಿಮಾನಿಗಳನ್ನು ಕೇಳಬೇಕು. ಅಭಿಮಾನಿಗಳನ್ನು ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹಿಂದಿನ ಒಂದು ಗಾಯ ಇದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು 2003ರಲ್ಲಿ ಅದರ ಮಾಲೀಕರು ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಕೊಂಡೊಯ್ದರು. ಅದಕ್ಕೆ ಅನುಮತಿ ಸಿಕ್ಕ 2002ರಲ್ಲೇ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. ಊರ ಬಯಲಿನಲ್ಲಿ ಯಾರು ಬೇಕಾದರೂ ಬನ್ನಿ ಅಂತ ಟ್ರಯಲ್ಸ್ ಇಟ್ಟು ಆಟಗಾರರನ್ನು ಆರಿಸಿದರು. ಒಂಬತ್ತನೇ ಹಂತದಿಂದ ಶುರುಮಾಡಿ 2011ರಲ್ಲಿ ಮತ್ತೆ ಫುಟ್‌ಬಾಲ್ ಲೀಗ್ ತಲುಪಿದರು. ಒಂಬತ್ತು ವರ್ಷಕ್ಕೆ. ಮುಚ್ಚಿದ ಲೀಗಿನಲ್ಲಿ ಅವರಿಗೆ ಏರೋಕೆ ಮೆಟ್ಟಿಲೇ ಇರುತ್ತಿರಲಿಲ್ಲ.

ಕಾಯಂ ಕುರ್ಚಿ ಬಂದಿದ್ದರೆ ಏನಾಗುತ್ತಿತ್ತು ಅಂತ ತಿಳಿಯೋಕೆ 2024-25ರ ಸೀಸನ್ ಒಂದೇ ಸಾಕು. ಮ್ಯಾಂಚೆಸ್ಟರ್ ಯುನೈಟೆಡ್ ಪ್ರೀಮಿಯರ್ ಲೀಗಿನಲ್ಲಿ 15ನೇ ಸ್ಥಾನ, ಟಾಟನ್‌ಹ್ಯಾಮ್ 17ನೇ ಸ್ಥಾನ. ಇಬ್ಬರೂ ಸ್ಥಾಪಕರು. ಅದೇ ವರ್ಷ ಕ್ರಿಸ್ಟಲ್ ಪ್ಯಾಲೆಸ್ ತನ್ನ ಮೊದಲ ದೊಡ್ಡ ಕಪ್ ಗೆದ್ದಿತು, ಎಫ್‌ಎ ಕಪ್. ಆರ್ಕ್ಟಿಕ್ ವೃತ್ತದಾಚೆಯ ನಾರ್ವೆಯ ಪುಟ್ಟ ಊರಿನ ತಂಡ ಬೋಡೊ ಗ್ಲಿಮ್ಟ್ ಯುರೋಪಾ ಲೀಗಿನ ಸೆಮಿಫೈನಲ್‌ಗೆ ಬಂದು ಟಾಟನ್‌ಹ್ಯಾಮ್ ಎದುರು ನಿಂತಿತು. 2016ರಲ್ಲಿ ಆ ತಂಡ ತನ್ನ ದೇಶದ ಮೊದಲ ಡಿವಿಷನ್‌ನಿಂದಲೇ ಕೆಳಗೆ ಬಿದ್ದಿತ್ತು.

ಇನ್ನು ನಮ್ಮ ಮನೆ ವಿಷಯ. ಮುಚ್ಚಿದ ಲೀಗ್ ಹೇಗಿರುತ್ತದೆ ಅಂತ ನಾವು ಯುರೋಪಿನಿಂದ ಕಲಿಯಬೇಕಾಗಿಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾದದ್ದೇ ಹಾಗೆ. ಆಗ ಇಳಿಯುವುದೂ ಇರಲಿಲ್ಲ, ಆಟದಿಂದ ಏರುವುದೂ ಇರಲಿಲ್ಲ. 2017ರಲ್ಲಿ ಮಿಜೋರಾಂನ ಐಜ್ವಾಲ್ ಎಫ್‌ಸಿ ಐ-ಲೀಗ್, ಅಂದರೆ ಆಗಿನ ರಾಷ್ಟ್ರೀಯ ಲೀಗ್ ಗೆದ್ದಿತು. ಹಿಂದಿನ ವರ್ಷ ಕೆಳಗಿಳಿದು, ಗೋವಾದ ಕ್ಲಬ್‌ಗಳು ಹಿಂದೆ ಸರಿದ ಮೇಲೆ ವಾಪಸ್ ಜಾಗ ಸಿಕ್ಕಿದ್ದ ತಂಡ ಅದು. ದೇಶದ ಚಾಂಪಿಯನ್‌ಗೆ ಐಎಸ್‌ಎಲ್ ಬಾಗಿಲು ತೆರೆಯಲಿಲ್ಲ. ಅದೇ ವರ್ಷ ನಮ್ಮ ಬೆಂಗಳೂರು ಎಫ್‌ಸಿ ಆ ಲೀಗಿಗೆ ಸೇರಿತು. ನಾವು ಸಂಭ್ರಮಪಟ್ಟೆವು, ಅದು ತಪ್ಪಲ್ಲ. ಐಜ್ವಾಲ್‌ನವರ ನೋವು ಆಗ ಇಲ್ಲಿ ಎಷ್ಟು ಜನರಿಗೆ ತಟ್ಟಿತು ಅನ್ನುವುದು ಬೇರೆ ಮಾತು. 2023ರಲ್ಲಿ ಪಂಜಾಬ್ ಎಫ್‌ಸಿ, ಮರು ವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಐ-ಲೀಗ್ ಗೆದ್ದೇ ಮೇಲೆ ಬಂದವು. ಅಷ್ಟಕ್ಕೆ ಹತ್ತು ವರ್ಷ ಹಿಡಿಯಿತು. 2025ರಲ್ಲಿ ನೋಡಿದರೆ ಲೀಗ್ ನಡೆಸುವವರ ಒಪ್ಪಂದದ ಗೊಂದಲದಲ್ಲಿ ಸೀಸನ್ ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. ಲೀಗು ಒಂದು ಒಪ್ಪಂದದ ಮೇಲೆ ನಿಂತಾಗ ಕಾಗದದ ಅವಧಿ ಮುಗಿದರೆ ಆಟವೂ ನಿಲ್ಲುತ್ತದೆ.

ಕಡೆಯದಾಗಿ, ಬರುವ ಮೊದಲು ಒಬ್ಬ ಗೆಳೆಯರು ಕೇಳಿದ ಪ್ರಶ್ನೆ. ನಾವು ಏಳೆಂಟು ಸಾವಿರ ಕಿಲೋಮೀಟರ್ ದೂರ ಟಿವಿ ಮುಂದೆ ಕೂತವರು, ನಮಗೆ ಯಾಕೆ ಸರ್ ಈ ತಲೆನೋವು ಅಂದರು. ಯಾಕೆ ಅಂದರೆ ಇದನ್ನೆಲ್ಲ ಮಾಡಲು ಹೊರಟದ್ದು ನಮ್ಮ ಹೆಸರು ಹೇಳಿಕೊಂಡೇ. ಮೈದಾನಕ್ಕೆ ಬರುವ ಊರಿನವರನ್ನು ಹಳೇ ತಲೆಮಾರಿನ ಅಭಿಮಾನಿಗಳೆಂದೂ, ದೂರದಲ್ಲಿ ಪರದೆ ನೋಡುವವರನ್ನು ನಾಳಿನ ಅಭಿಮಾನಿಗಳೆಂದೂ ಯೋಜನೆಯ ಒಳಗಿನವರು ಕರೆಯುತ್ತಿದ್ದರು ಅಂತ ಆಗ ಬ್ರಿಟನ್ನಿನಲ್ಲಿ ವರದಿಯಾಗಿತ್ತು. ಪೆರೆಜ್ ಅವರೂ ಸೋಮವಾರ ರಾತ್ರಿಯೇ ಟಿವಿಯಲ್ಲಿ ಕೂತು, ಹುಡುಗರಿಗೆ ಫುಟ್‌ಬಾಲ್ ಬೇಸರವಾಗಿದೆ, ಅವರಿಗೆ ದೊಡ್ಡ ತಂಡಗಳ ದೊಡ್ಡ ಮ್ಯಾಚ್ ಬೇಕು ಅಂದಿದ್ದರು. ಆ ನಾಳಿನ ಅಭಿಮಾನಿ ಅಂದರೆ ಹೆಚ್ಚುಕಮ್ಮಿ ನೀವು, ನಾನು. ನಮಗೆ ಲೆಸ್ಟರ್ ಬೇಡ, ಬೆರ್ಗಮೊ ಬೇಡ, ವಾರ ವಾರ ದೊಡ್ಡ ಹೆಸರು ಸಾಕು ಅಂತ ನಮ್ಮ ಪರವಾಗಿ ಅವರೇ ತೀರ್ಮಾನ ಮಾಡಿದ್ದರು. 2016ರ ಮೇ ತಿಂಗಳಲ್ಲಿ ಲೆಸ್ಟರ್ ಗೆದ್ದಾಗ ಬೆಂಗಳೂರಿನಲ್ಲಿ ಎಷ್ಟು ಜನ ನಿದ್ದೆ ಬಿಟ್ಟು ಕುಣಿದರು ಅನ್ನುವುದು ಅವರ ಲೆಕ್ಕದಲ್ಲಿ ಬಂದಿರಲಿಲ್ಲ. ಮುಂದಿನ ಸಲ ಇದೇ ಯೋಜನೆ ಬೇರೆ ಹೆಸರಿನಲ್ಲಿ ಬಂದಾಗ, ಸ್ಟ್ಯಾಮ್‌ಫೋರ್ಡ್ ಬ್ರಿಡ್ಜ್ ರಸ್ತೆಯ ಸಾವಿರ ಜನರ ಜೊತೆ ನಮ್ಮ ದನಿಯೂ ಇದೆ ಅಂತ ಅವರಿಗೆ ಗೊತ್ತಾಗಬೇಕು. ನೀವು ಬೆಂಬಲಿಸುವ ಕ್ಲಬ್‌ಗೆ ಬೆಂಗಳೂರಿನಲ್ಲಿ ಅಧಿಕೃತ ಅಭಿಮಾನಿ ಬಳಗ ಇದ್ದರೆ, ಆ ದಿನ ಅದರ ಹೆಸರಿನಲ್ಲಿ ಒಂದು ಪತ್ರ ಬರೆದು ಕಳಿಸಿ. ಇಲ್ಲಿನ ನಾವು ಇದನ್ನು ಕೇಳಿಲ್ಲ, ನಮಗೆ ಇದು ಬೇಡ ಅಂತ.